ಬೆನ್ನಿಗೆ ಹತ್ತಿದ ಹಸಿರು

ಆ ಮನೆಯಲ್ಲಿ ಕಿಲುಬಿನ ವಿಷಯದಲ್ಲಿ ಎರಡು ಪಕ್ಷಗಳಿದ್ದವು. ಹೆಂಡತಿಯದು ಕಿಲುಬು ತೆಗೆಯುವ ಪಕ್ಷ, ಗಂಡನದು ಕಿಲುಬು ತರಿಸುವ ಪಕ್ಷ. ಅಡುಗೆಮನೆಯ ತಾಮ್ರದ ಪಾತ್ರೆಗೆ ಒಂದು ಹಸಿರು ಚುಕ್ಕೆ ಬಂದರೂ ಸಾಕು, ಅವಳು ನಿಂಬೆಹೋಳಿಗೆ ಉಪ್ಪು ಹಚ್ಚಿಕೊಂಡು ಅದರ ಹುಟ್ಟಡಗಿಸುತ್ತಿದ್ದಳು. ಅವನೋ ಹಿತ್ತಲ ಶೆಡ್ಡಿನಲ್ಲಿ ಥಳಥಳ ಹೊಳೆಯುವ ಕಂಚಿಗೆ ಗ್ಯಾಸ್ ಟಾರ್ಚಿನಿಂದ ಬಿಸಿ ಮುಟ್ಟಿಸಿ, ಬಾಟಲಿಯಿಂದ ಎಂಥದೋ ದ್ರಾವಣ ಸಿಂಪಡಿಸಿ, ಬೇಕೆಂದೇ ಹಸಿರು, ನೀಲಿ, ಕಂದು ಕಿಲುಬು ಬೆಳೆಸಿ, ಅದಕ್ಕೆ ಕೂಲಿ ಬೇರೆ ಪಡೆಯುತ್ತಿದ್ದ. ಬಾಗಿಲ ಹಿಡಿ, ದೀಪದ ಕಂಬ, ಯಾರದೋ ಸಮಾಧಿಯ ಫಲಕ, ಯಾವುದೇ ಆಗಲಿ, ಹೊಸದನ್ನು ಹಳೆಯದು ಮಾಡಿಕೊಡುವುದು ಅವನ ಕಸುಬು. "ನನ್ನನ್ನೂ ಹಾಗೇ ಮಾಡಿದ್ರು" ಎಂದು ಹೆಂಡತಿ ನಗುತ್ತಿದ್ದಳು. ಹೆತ್ತ ತಾಯಿಯೇ ಅವನಿಗೆ ಕಿಲುಬಪ್ಪ ಎಂದು ಅಡ್ಡಹೆಸರಿಟ್ಟು, ಅದೇ ನಿಂತುಹೋಗಿತ್ತು.

ಹೆಂಡತಿಯನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಎಂಥಾ ಮೊಂಡ ಸುಕ್ಕೂ ಅವಳ ಕೈ ಕಂಡರೆ ಮೈ ಬಗ್ಗಿಸುತ್ತಿತ್ತು. ಅವಳ ಮಾತು ಕೇಳದಿದ್ದದ್ದು ಅವಳದೇ ಬೆನ್ನೊಂದು. ಹುಟ್ಟಿನಿಂದಲೂ ಅದು ಎಡಕ್ಕೊಮ್ಮೆ ಹೊರಳಿ, ಬಲಕ್ಕೊಮ್ಮೆ ಮರಳಿ, ಸೊಂಟದ ಹತ್ತಿರ ಏನೋ ಮರೆತುಬಂದವರ ಹಾಗೆ ತಿರುಗಿ ನಿಂತಿತ್ತು. ಶಾಲೆಯಲ್ಲಿ ಹುಡುಗಿಯರು "ಕೊಕ್ಕೆ" ಎಂದು ಕರೆದದ್ದು ಅವಳ ಕಿವಿಯಿಂದ ಇಂದಿಗೂ ಇಳಿದಿರಲಿಲ್ಲ. ಅಂದಿನಿಂದ ಸಡಿಲ ಕೋಟು ಹಾಕದೆ ಹೊಸ್ತಿಲು ದಾಟಿದವಳಲ್ಲ. ಲಾಂಡ್ರಿಯ ಕುದಿಯುವ ಹಬೆಯಲ್ಲೂ ಕೋಟು. "ಅಕ್ಕಾ, ಒಳಗಡೆ ಬೇಯ್ತಿದೀರೋ ಬೆಂದಾಯ್ತೋ?" ಎಂದು ಸಮವಸ್ತ್ರಗಳಿಗೆ ಗುಂಡಿ ಹೊಲಿಯುವ ಗುಂಡಿಯಮ್ಮ ತಮಾಷೆ ಮಾಡಿದರೆ, "ಉಪ್ಪು ಹಾಕೋದೊಂದು ಬಾಕಿ" ಎಂದು ತೇಲಿಸಿಬಿಡುತ್ತಿದ್ದಳು. ಮನೆಗೆ ಬಂದು, ಬಾಗಿಲು ಹಾಕಿ, ಕೋಟನ್ನು ಮೊಳೆಗೆ ಸಿಕ್ಕಿಸಿದಾಗ ಮಾತ್ರ "ಉಸ್ಸಪ್ಪಾ" ಎನ್ನುವಳು.

ಬರಿಬೆನ್ನು ಕಂಡ ಕಣ್ಣು ಗಂಡನದೊಂದೇ. ಮದುವೆಯ ಹೊಸತರಲ್ಲಿ ಅವಳು ದೀಪ ಆರಿಸಿ ಎಂದಾಗ ಅವನು, "ಆರಿಸ್ತೀನಿ, ಒಂದ್ಸಲ ನೋಡಿ ಆರಿಸ್ತೀನಿ. ಇದು ನಮ್ಮಿಬ್ಬರಲ್ಲೇ ಇರೋ ಮಾತು" ಎಂದಿದ್ದ. ಆ ಮಾತಿನ ಮೇಲೆ ಅವಳು ಅಷ್ಟು ವರ್ಷ ಸಂಸಾರ ಮಾಡಿದ್ದಳು.

ಮಗಳು ಪುಟ್ಟಿ. ಹೆಸರಿಗೆ ಪುಟ್ಟಿ, ಎತ್ತರದಲ್ಲಿ ಅಪ್ಪನನ್ನು ಮೀರಿಸಿದವಳು. ಓದಿದ್ದು ಶಿಲ್ಪಕಲೆ, ಆದರೆ ಉಳಿ ಸುತ್ತಿಗೆ ಹಿಡಿದದ್ದನ್ನು ಮನೆಯವರಾರೂ ಕಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಆಕಾರ ತಿದ್ದಿ, ಪ್ರಿಂಟರಿನಲ್ಲಿ ಅದನ್ನು ಪದರ ಪದರವಾಗಿ ಪ್ಲಾಸ್ಟಿಕ್ಕಿನಲ್ಲಿ ಎಬ್ಬಿಸಿ, ಎರಕದವರಿಂದ ಕಂಚು ಹುಯ್ಯಿಸಿ, ಕೊನೆಗೆ ಬಣ್ಣಕ್ಕೆಂದು ಅಪ್ಪನ ಶೆಡ್ಡಿಗೆ ತರುವಳು. "ನಿನ್ನನ್ನ ಹೆತ್ತಾಗಲೂ ಇಷ್ಟು ಕೈ ಬದಲಾಯಿಸಿರಲಿಲ್ಲ ಕಣೇ" ಎಂದು ತಾಯಿ ಹೇಳುತ್ತಿದ್ದಳು.

ಒಂದು ದಿನ ಊಟದ ಹೊತ್ತಿಗೆ ಇಸ್ತ್ರಿಯಕ್ಕನೇ ಸುದ್ದಿ ತಂದಳು.

"ನಮ್ಮ ಹೋಟೆಲಿನ ಹೊಸ ಹಜಾರಕ್ಕೆ ಒಂದು ಪ್ರತಿಮೆ ಬೇಕಂತೆ. ಮ್ಯಾನೇಜರು ಹೇಳ್ತಿದ್ರು. ನೀನ್ಯಾಕೆ ಒಂದು ಕೈ ನೋಡಬಾರದು?"

"ಎಂಥದ್ದು ಬೇಕಂತಮ್ಮಾ?" ಪುಟ್ಟಿಯ ಕೈಯ ತುತ್ತು ಅರ್ಧದಲ್ಲೇ ನಿಂತಿತು.

"ಮನುಷ್ಯನ ಹಾಗಿರಬೇಕಂತೆ. ಆದ್ರೆ ಮನುಷ್ಯ ಅಂತ ತಟ್ಟಂತ ಗೊತ್ತಾಗಬಾರದಂತೆ."

"ನಿನ್ನ ಗಂಡನ್ನೇ ನಿಲ್ಲಿಸಿಬಿಡು. ಖರ್ಚೂ ಉಳೀತದೆ" ಎಂದಳು ಕಿಲುಬಪ್ಪನ ತಾಯಿ.

ಈ ಅಜ್ಜಿ ಆ ಮನೆಯ ರೇಡಿಯೋ, ನಾಟಕ, ಸರ್ಕಸ್ಸು ಎಲ್ಲವೂ. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವವನ ಕುಂಟು ದನಿಯಿಂದ ಹಿಡಿದು ಎದುರುಮನೆಯವಳು ಸಾಲ ಕೇಳಲು ಬರುವ ಮುಂಚೆ ಕೆಮ್ಮುವ ಕೆಮ್ಮಿನವರೆಗೆ ಅವಳು ಅಣಕಿಸದ ಪ್ರಾಣಿ ಇರಲಿಲ್ಲ. ಮಗ ಸೀನಿದರೆ ಒಳಕೋಣೆಯಿಂದ ಅದೇ ಸೀನು ಇನ್ನೊಂದು ಬರುತ್ತಿತ್ತು.

ಅದಾದ ವಾರದಲ್ಲೇ ಪುಟ್ಟಿ ತಾಯಿಯ ಬೆನ್ನು ಹತ್ತಿದಳು.

"ಅಮ್ಮಾ, ಸಂಜೆ ಸಂಜೆ ನರಳ್ತೀಯಲ್ಲ. ನಿನ್ನ ಅಳತೆಗೇ ಒಂದು ಬೆಲ್ಟು ಮಾಡಿಕೊಡ್ತೀನಿ. ಅಂಗಡಿದಲ್ಲ. ನಿನ್ನ ಬೆನ್ನಿಗೆ ಅಂಟಿಕೊಂಡ ಹಾಗೆ ಕೂರಬೇಕು."

"ಅಳತೆ ಅಂದ್ರೆ ಟೇಪಾ?"

"ಸ್ಕ್ಯಾನರ್. ಬರೀ ಬೆಳಕು ಬಿಡ್ತದೆ, ಮುಟ್ಟೋದೂ ಇಲ್ಲ. ಆದ್ರೆ ಮೇಲೆ ಬಟ್ಟೆ ಇರಬಾರದು."

ಇಸ್ತ್ರಿಯಕ್ಕ ಎರಡು ದಿನ ಒಲ್ಲೆ ಎಂದಳು. ಮೂರನೆಯ ದಿನ ಲಾಂಡ್ರಿಯಲ್ಲಿ ಗಂಟೊಂದನ್ನು ಎತ್ತುವಾಗ ಬೆನ್ನು ಅವಳ ಪರವಾಗಿ ತಾನೇ ಒಪ್ಪಿಗೆ ಕೊಟ್ಟಿತು. ಒಳಕೋಣೆಯ ಪರದೆ ಎಳೆದು, ಬಾಗಿಲಿಗೆ ಚಿಲಕ ಹಾಕಿ, ಗೋಡೆಗೆ ಮುಖ ಮಾಡಿ ನಿಂತಳು. ಮಗಳು ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಯಂತ್ರ ಹಿಡಿದು ಅವಳ ಸುತ್ತ ಸುತ್ತಿದಳು.

"ಸ್ವಲ್ಪ ಬಗ್ಗು. ಚಾದರ ಹರಡುವಾಗ ಬಗ್ತೀಯಲ್ಲ, ಹಾಗೆ."

"ಬೆಲ್ಟಿಗೆ ಬಗ್ಗೋದ್ಯಾಕೆ?"

"ಬಗ್ಗಿದಾಗಲೂ ಸರಿ ಕೂರಬೇಡವಾ?"

ಹೌದಲ್ಲ ಎನಿಸಿ ಬಗ್ಗಿದಳು. ಗಂಡನ ನಂತರ ಎರಡನೆಯ ಕಣ್ಣಿಗೆ ಬೆನ್ನು ತೋರಿಸಿದ್ದು ಅಂದೇ. ಮಗಳಲ್ಲವೆ, ಅಲ್ಲಿಂದಲೇ ಬಂದದ್ದಲ್ಲವೆ ಎಂದು ತನಗೆ ತಾನೇ ಹೇಳಿಕೊಂಡಳು.

ಬೆಲ್ಟು ಬಂತು. ಬಿಳಿ ಪ್ಲಾಸ್ಟಿಕ್ಕಿನ ಗಟ್ಟಿ ಚಿಪ್ಪು, ಜೇನುಗೂಡಿನಂತೆ ತೂತು ತೂತು, ಮುಂದೆ ಎರಡು ಪಟ್ಟಿ. ಬೆನ್ನಿಗೆ ಇಟ್ಟೊಡನೆ "ಟಕ್" ಎಂದು ಕೂತಿತು. ನೋವು ಅರ್ಧಕ್ಕರ್ಧ ಇಳಿಯಿತು. ಇಸ್ತ್ರಿಯಕ್ಕ ಲಾಂಡ್ರಿಯಲ್ಲೆಲ್ಲ ಮಗಳ ಹೊಗಳಿಕೆಯನ್ನು ಮಡಿಸಿ ಮಡಿಸಿ ಹಂಚಿದಳು. ಬೆಲ್ಟು ಯಾಕೆ ಬೇಕಾಯಿತೆಂಬುದನ್ನು ಮಾತ್ರ ಕೋಟಿನೊಳಗೇ ಇಟ್ಟುಕೊಂಡಳು.

ಹೋಟೆಲಿನವರು ಪುಟ್ಟಿ ಕಳಿಸಿದ ಪ್ರತಿಮೆಯ ಚಿತ್ರ ನೋಡಿ ಒಪ್ಪಿದರು. ಮುಂದಿನ ವಾರಗಳಲ್ಲಿ ಎರಕದವರಿಂದ ಕಂಚಿನ ತುಂಡುಗಳು ಬರತೊಡಗಿದವು. ಕತ್ತರಿಸಿದ ಬ್ರೆಡ್ಡಿನ ಹೋಳುಗಳಂತೆ ಚಪ್ಪಟೆ ತುಂಡುಗಳು, ಒಂದರ ಹಾಗೆ ಒಂದಿಲ್ಲ. ಕಿಲುಬಪ್ಪ ಅವನ್ನು ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು ಒಂದರ ಹಿಂದೊಂದು ವೆಲ್ಡಿಂಗ್ ಮಾಡುತ್ತ ಬಂದ. ಮುಂದಿನಿಂದ ನೋಡಿದರೆ ತೊಳೆದಿಟ್ಟ ತಟ್ಟೆಗಳ ಸಾಲು, ಪಕ್ಕದಿಂದ ಅಲೆ. ಹಿಂದಿನಿಂದ ನೋಡಿದರೆ ಮಾತ್ರ ಯಾರೋ ಬಗ್ಗಿ ನಿಂತ ಹಾಗೆ. ತಲೆ ಇಲ್ಲ, ಕೈ ಇಲ್ಲ. ಸಂದುಗಳಿಂದ ಬೆಳಕು ಆಚೆ ಈಚೆ ಓಡಾಡುತ್ತಿತ್ತು.

"ಹೆಸರೇನಿಟ್ಟೆ?" ಅಜ್ಜಿ ಕೇಳಿದಳು.

"ಆಕೃತಿ ಏಳು. ನನ್ನ ಏಳನೇದು."

"ಏಳು ಅಂತ ನೀನು ಹೇಳಿದ್ರೂ ಬಗ್ಗಿದ್ದು ಏಳಲೇ ಇಲ್ಲವಲ್ಲೇ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಇಸ್ತ್ರಿಯಕ್ಕ.

ಬಣ್ಣದ ಕೆಲಸ ಶುರುವಾಯಿತು. ಕಿಲುಬಪ್ಪ ಟಾರ್ಚಿನಿಂದ ಒಂದೊಂದೇ ಜಾಗ ಕಾಯಿಸಿ ದ್ರಾವಣ ಸಿಂಪಡಿಸಿದರೆ ಚುಯ್ ಎಂದು ಹಬೆ ಏಳುತ್ತಿತ್ತು. ಎಡ ಭುಜದ ಕೆಳಗಿನ ತಗ್ಗಿನಲ್ಲಿ ದ್ರಾವಣ ನಿಂತು ಅಲ್ಲೊಂದು ಹಸಿರು ಹುಟ್ಟಿತು. ಎಳೆಯದೂ ಅಲ್ಲ, ಕಪ್ಪಿಟ್ಟದ್ದೂ ಅಲ್ಲ, ಕಂಡರೆ ಕಣ್ಣು ತಂಪಾಗುವಂಥದ್ದು. ಕಿಲುಬಪ್ಪ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತವನು ಚಹಾಕ್ಕೆ ಕರೆದರೂ ಏಳಲಿಲ್ಲ.

ಕೊನೆಗೆ ಬೆಚ್ಚಗಿರುವಾಗಲೇ ಮೇಣ ಹಚ್ಚಿ ಉಜ್ಜಬೇಕು. ಆ ಕೆಲಸಕ್ಕೆ ಕೈ ಬೇಕಾಗಿತ್ತು.

"ನೀನೇ ಹಚ್ಚು. ಬಟ್ಟೆಯ ಕೆಲಸ ನಿನ್ನಷ್ಟು ಯಾರಿಗೆ ಬರ್ತದೆ?" ಎಂದು ಗಂಡನೇ ಮೆತ್ತನೆಯ ಬಟ್ಟೆ ಕೊಟ್ಟ. ರಜೆಯ ದಿನಗಳಲ್ಲಿ ಇಸ್ತ್ರಿಯಕ್ಕ ಆಕೃತಿ ಏಳನ್ನು ಉಜ್ಜುತ್ತ ಅದರೊಂದಿಗೆ ಮಾತಾಡತೊಡಗಿದಳು. ಆ ತಗ್ಗಿಗೆ ಬಂದಾಗ ಅವಳ ಹೆಬ್ಬೆರಳು ಬಟ್ಟೆಯ ಸಮೇತ ಒಳಗಿಳಿಯುತ್ತಿತ್ತು.

"ಯಾರನ್ನ ನೋಡಿ ಮಾಡಿದೆ ಪುಟ್ಟಿ ಇದನ್ನ? ಪಾಪ, ಯಾರೋ ಏನೋ. ಉಜ್ತಿದ್ರೆ ನನ್ನ ಬೆನ್ನೇ ನೋಯ್ತದೆ."

"ಯಾರೂ ಇಲ್ಲಮ್ಮಾ. ಕಂಪ್ಯೂಟರೇ ಮಾಡಿದ್ದು."

"ಕಂಪ್ಯೂಟರಿಗೂ ಇಂಥ ಕಷ್ಟ ಗೊತ್ತಾಗ್ತದಾ? ಅಲ್ವೇನ್ರೀ?"

"ಹೂಂ" ಎಂದ ಕಿಲುಬಪ್ಪ, ಟಾರ್ಚಿನ ಉರಿ ಸಣ್ಣಗೆ ಮಾಡುತ್ತ.

ಹಿಂದಿನಿಂದ ನೋಡಿದ ಮನೆಯವರೆಲ್ಲರಿಗೂ ಅದು ಯಾರೆಂದು ಗೊತ್ತಾಗುತ್ತಿತ್ತು. ಗೊತ್ತಾಗದಿದ್ದದ್ದು ಒಬ್ಬಳಿಗೆ. ತನ್ನ ಬೆನ್ನನ್ನು ತಾನು ಕಂಡವರು ಯಾರಿದ್ದಾರೆ? ಅದರಲ್ಲೂ ಕನ್ನಡಿಗೆ ಬೆನ್ನು ಹಾಕಿ ತಿರುಗಿ ನೋಡುವ ಆಸೆಯನ್ನು ಅವಳು ಶಾಲೆಯಲ್ಲೇ ಬಿಟ್ಟುಬಂದಿದ್ದಳು.

ಬಯಲಾದದ್ದು ರಜೆಯ ದಿನದ ಊಟದಲ್ಲಿ. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬಿಸಿ ಅನ್ನ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಎದುರು ಗೋಡೆಗೆ ಬಿದ್ದಿತ್ತು. ಎಲ್ಲರ ಹೊಟ್ಟೆ ತುಂಬಿ ಅಜ್ಜಿಗೆ ಲಹರಿ ಬಂದಿತ್ತು. ಮೊದಲು ಹೋಟೆಲಿನ ಮ್ಯಾನೇಜರ್: "ನಮಗೆ ಬೇಕಾಗಿರೋದು, ಯೂ ನೋ, ಒಂದು ಇದು." ಆಮೇಲೆ ಕಿಲುಬಪ್ಪ: ಒಂದು ಕಣ್ಣು ಮುಚ್ಚಿ, ತುಟಿ ಮುಂದೆ ಚಾಚಿ, ಬಾಯಲ್ಲೇ ಚುಯ್ ಚುಯ್. ಪುಟ್ಟಿಗೆ ನೆತ್ತಿಗೆ ಹತ್ತಿತು.

"ಈಗ ನೋಡಿ, ಆಕೃತಿ ಏಳು!" ಎಂದು ಅಜ್ಜಿ ಎದ್ದು, ಕುರ್ಚಿಯ ಬೆನ್ನು ಹಿಡಿದು, ಎಡ ಭುಜ ಇಳಿಸಿ, ಬಲ ಸೊಂಟ ಹೊರಹಾಕಿ, ಕುತ್ತಿಗೆ ಒಳಗೆ ಎಳೆದು ಬಗ್ಗಿ ನಿಂತಳು.

"ಅಯ್ಯೋ, ಥೇಟು! ಅತ್ತೇ, ಥೇಟು!" ಇಸ್ತ್ರಿಯಕ್ಕ ಚಪ್ಪಾಳೆ ತಟ್ಟಿದಳು.

ಬೇರೆ ಯಾರೂ ನಗಲಿಲ್ಲ. ಪುಟ್ಟಿ ತಟ್ಟೆ ನೋಡಿದಳು. ಕಿಲುಬಪ್ಪ ಮಗಳನ್ನು ನೋಡಿದ. ಇಸ್ತ್ರಿಯಕ್ಕ ನೀರಿನ ಜಗ್ಗು ತುಂಬಿಸಲೆಂದು ನಗುತ್ತಲೇ ಎದ್ದಳು. ಜಗ್ಗು ಎತ್ತಲು ಬಗ್ಗಿದಳು. ಎದುರು ಗೋಡೆಯ ಮೇಲೆ ಎರಡು ನೆರಳು ಅಕ್ಕಪಕ್ಕ ಬಿದ್ದವು. ಅತ್ತೆಯದೊಂದು, ತನ್ನದೊಂದು. ಎರಡೂ ಒಂದೇ.

ಜಗ್ಗನ್ನು ಮೇಜಿನ ಮೇಲೆ ಇಟ್ಟಳು.

"ಅತ್ತೇ, ನೀವು ಯಾರ ಅಣಕ ಮಾಡಿದ್ದು?"

ಅಜ್ಜಿ ನೆಟ್ಟಗಾದಳು. "ಅದೇ, ಹಿತ್ತಲಲ್ಲಿರೋದು. ನಿಂದು."

"ನಂದಾ?"

"ಮತ್ತೆ ಯಾರದ್ದು? ಅಯ್ಯೋ. ನಿಂಗೆ ಹೇಳಿಲ್ವಾ ಇವ್ರು?"

ಇಸ್ತ್ರಿಯಕ್ಕ ಬಟ್ಟೆಯ ಒಳಗೆ ಕೈ ಹಾಕಿ ಬೆಲ್ಟಿನ ಪಟ್ಟಿ ಬಿಚ್ಚಿದಳು. ಚಿಪ್ಪನ್ನು ಕೈಯಲ್ಲಿ ಹಿಡಿದು ಹಿತ್ತಲಿಗೆ ನಡೆದಳು. ಮೂವರೂ ಎಂಜಲು ಕೈಯಲ್ಲೇ ಹಿಂದೆ ಹೋದರು. ಶೆಡ್ಡಿನಲ್ಲಿ ಅವಳು ಆಕೃತಿ ಏಳರ ಹಿಂದೆ ನಿಂತು ಚಿಪ್ಪನ್ನು ಅದರ ಬೆನ್ನಿಗೆ ಇಟ್ಟಳು. ಟಕ್. ಕೈ ಬಿಟ್ಟಳು. ಬೀಳಲಿಲ್ಲ.

ಪುಟ್ಟಿ ಒಂದು ಹೆಜ್ಜೆ ಮುಂದೆ ಬಂದಳು.

"ಅಮ್ಮಾ, ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನೋಕೇ ಕಣೇ ಕೇಳೋದು ಅಂತ ಒಂದಿರೋದು."

"ಬೆಲ್ಟು ಸುಳ್ಳಲ್ಲಮ್ಮಾ. ಬೆಲ್ಟಿಗೇ ಅಂತ ಶುರು ಮಾಡಿದ್ದು. ಆಮೇಲೆ ಪರದೆ ಮೇಲೆ ನೋಡ್ತಿದ್ದಾಗ, ಅಷ್ಟು ಚೆಂದ ಇತ್ತು…"

"ಬಗ್ಗು ಅಂದ್ಯಲ್ಲ. ಚಾದರ ಹರಡೋ ಹಾಗೆ ಬಗ್ಗು ಅಂದ್ಯಲ್ಲ. ಅದೂ ಬೆಲ್ಟಿಗೇನಾ?"

ಪುಟ್ಟಿ ಎಂಜಲು ಕೈಯನ್ನು ಅಂಗಿಗೆ ಒರೆಸಿದಳು. ಮತ್ತೆ ಹೇಳಿದಳು: "ಇದು ನೀನಲ್ಲಮ್ಮಾ. ನಿನ್ನಿಂದ ಶುರುವಾಯ್ತು, ಅಷ್ಟೇ. ಈಗ ಇದೊಂದು ಆಕಾರ."

"ನಾನಲ್ಲ ಅಂದ್ಮೇಲೆ ಕತ್ತರಿಸಿ ಹಾಕೋಕೆ ನಿಂಗೇನು ಕಷ್ಟ? ಕತ್ತರಿಸು."

ಅಜ್ಜಿ ನಡುವೆ ಬಂದಳು. "ನಂಗೆ ನೋಡಿದ ಕೂಡಲೇ ಗೊತ್ತಾಗಿತ್ತು ಕಣಮ್ಮಾ. ನಿಂಗೆ ಗೊತ್ತಿಲ್ಲ ಅಂತ ಗೊತ್ತಿರಲಿಲ್ಲ."

ಇಸ್ತ್ರಿಯಕ್ಕ ಅತ್ತೆಯತ್ತ ನೋಡಲಿಲ್ಲ. ಗಂಡನತ್ತ ತಿರುಗಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಬಿಡಿ ತುಂಡು ಬಂದಾಗ ಗೊತ್ತಾಗಲಿಲ್ಲ. ಜೋಡಿಸ್ತಾ ಜೋಡಿಸ್ತಾ…"

"ಆಮೇಲೂ ಮೇಣ ಹಚ್ಚು ಅಂತ ನನ್ನ ಕೈಗೇ ಬಟ್ಟೆ ಕೊಟ್ರಿ."

ಅವನು ಕಾಲಿನ ಹೆಬ್ಬೆರಳಿನಿಂದ ನೆಲದ ಮೇಣ ಕೆರೆದ.

"ಪಾಪ ಯಾರೋ ಏನೋ ಅಂದೆ ನಾನು. ನೀವು ಹೂಂ ಅಂದ್ರಿ. ಇಷ್ಟು ವರ್ಷ ನಮ್ಮಿಬ್ಬರಲ್ಲೇ ಇರೋ ಮಾತು ಅಂದವರು, ಹೂಂ ಅಂದ್ರಿ! ಇದು ಎಲ್ಲಿ ನಿಲ್ತದೆ ಗೊತ್ತಾ? ನಾನು ದಿನಾ ಕೋಟು ಹಾಕ್ಕೊಂಡು ಇಳಿದು ಹೋಗ್ತೀನಲ್ಲ ಮೆಟ್ಟಿಲು, ಅದರ ಬಾಯಲ್ಲಿ!"

ಅಂದಿನಿಂದ ಮನೆಯೊಳಗೂ ಕೋಟು ಮೊಳೆ ಬಿಟ್ಟು ಅವಳ ಮೈಗೆ ಬಂತು. ಒಲೆಯ ಮುಂದೆಯೂ ಕೋಟು, ಊಟಕ್ಕೂ ಕೋಟು. ಬೆಲ್ಟು ಶೆಡ್ಡಿನಲ್ಲೇ ಉಳಿಯಿತು. ಅವಳು ಅಡುಗೆ ಬಿಡಲಿಲ್ಲ. ಬಡಿಸುವುದನ್ನು ಬಿಟ್ಟಳು. ಪಾತ್ರೆ ಮೇಜಿನ ಮೇಲಿರುತ್ತಿತ್ತು, ಬೇಕಾದವರು ಬಡಿಸಿಕೊಳ್ಳಬೇಕು. ಇನ್ನೊಂದನ್ನೂ ಬಿಟ್ಟಳು: ಇಸ್ತ್ರಿಯಕ್ಕನ ಮನೆಯಿಂದ ಮೊಟ್ಟಮೊದಲ ಬಾರಿಗೆ ಒಂದು ಸುಕ್ಕುಗಟ್ಟಿದ ಶರ್ಟು ಬೀದಿಗೆ ಇಳಿಯಿತು. ಅದರೊಳಗೆ ಕಿಲುಬಪ್ಪನಿದ್ದ.

"ಏನಣ್ಣಾ, ಶರ್ಟಿಗೂ ಕಿಲುಬು ಹತ್ತಿಸ್ಕೊಂಡ್ಯಾ?" ಎಂದು ಎರಕದ ಕಾರ್ಖಾನೆಯವರು ಕೇಳಿದ್ದನ್ನು ಅವನು ಮನೆಗೆ ಬಂದು ತಾಯಿಗೆ ಹೇಳಿದ. ಅಜ್ಜಿ ಎಂದಿನಂತೆ ಅದನ್ನು ಅಣಕಿಸಲು ಬಾಯಿ ತೆರೆದು, ಸೊಸೆಯ ಮುಖ ಕಂಡು ಆಕಳಿಸಿದ ಹಾಗೆ ಮಾಡಿದಳು. ನಿಜಕ್ಕೂ ಆ ವಾರ ಅಜ್ಜಿ ಯಾರನ್ನೂ ಅಣಕಿಸಲಿಲ್ಲ. ಮನೆ ಕಿವುಡಾದಂತಿತ್ತು.

ಪುಟ್ಟಿ ತಾಯಿಯ ಹಿಂದೆ ಮುಂದೆ ಸುಳಿದಳು. ಪಾತ್ರೆ ತೊಳೆದಳು, ಮಾರುಕಟ್ಟೆಯಿಂದ ಕೇಳದೆಯೇ ಈರುಳ್ಳಿ ತಂದಳು.

"ಅಮ್ಮಾ, ಇದೊಂದು ಹೋಟೆಲಿಗೆ ಹೋದ್ರೆ ನಂಗೆ ಬೇರೆ ಕೆಲಸ ಸಿಗ್ತದೆ. ಇಲ್ದಿದ್ರೆ ಯಾರೂ ನನ್ನ ಕರೆಯಲ್ಲ."

"ಹೋಗ್ಲಿ. ನಿನ್ನ ಬೆನ್ನು ಹಾಕಿ ಮಾಡು."

"ನನ್ನ ಬೆನ್ನಲ್ಲಿ ಏನಿದೆ?"

ಅಂದಮೇಲೆ ತಾನಂದದ್ದೇನೆಂದು ಹೊಳೆದು ಪುಟ್ಟಿ ನಾಲಗೆ ಕಚ್ಚಿಕೊಂಡಳು. ತಾಯಿ ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಈರುಳ್ಳಿಯಾದ್ದರಿಂದ ಕಣ್ಣೀರಿಗೆ ಲೆಕ್ಕ ಕೊಡಬೇಕಾಗಿರಲಿಲ್ಲ.

ಕೊನೆಗೆ ಕಿಲುಬಪ್ಪ ಮಾತಾಡಿದ. ಸಂಜೆ ಬಟ್ಟೆ ಒಣಹಾಕುತ್ತಿದ್ದವಳ ಹತ್ತಿರ ಬಂದು ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಕೈಗೆ ಕೊಡುತ್ತ ನಿಂತ.

"ನೋಡೇ. ಇಡೀ ಕತ್ತರಿಸೋದು ಬೇಡ. ಆ ಎಡಗಡೆ ತಗ್ಗು, ಸೊಂಟದ ತಿರುವು, ಎರಡನ್ನೂ ಕೊಯ್ದು ನೆಟ್ಟಗೆ ಮಾಡಿ ಬೇರೆ ತಗಡು ಕೂರಿಸ್ತೀನಿ. ಆಮೇಲೆ ಅದು ಯಾರ ಬೆನ್ನೂ ಅಲ್ಲ."

"ಪುಟ್ಟಿ ಒಪ್ತಾಳಾ?"

"ಒಪ್ಪಿಸಿದೀನಿ."

"ನಿಜವಾಗ್ಲೂ ಮಾಡ್ತೀರಾ?"

"ಮಾಡ್ತೀನಿ ಅಂದ್ನಲ್ಲ. ನಂಗೆ ಬಿಡು."

ಮರುದಿನದಿಂದ ಶೆಡ್ಡಿನ ಬಾಗಿಲು ಮುಚ್ಚಿ ಒಳಗೆ ಲೋಹ ಕೊಯ್ಯುವ ಗ್ರೈಂಡರ್ ಕಿರುಚತೊಡಗಿತು. ಕಿಲುಬಪ್ಪ ರೆಪ್ಪೆಗೆಲ್ಲ ಲೋಹದ ಪುಡಿ ಹತ್ತಿಸಿಕೊಂಡು ಊಟಕ್ಕೆ ಬರುತ್ತಿದ್ದ. ಆ ಕಿರುಚಾಟ ಇಸ್ತ್ರಿಯಕ್ಕನ ಕಿವಿಗೆ ಹಿತವಾಗಿತ್ತು. ಒಂದೊಂದು ಸದ್ದಿಗೂ ತನ್ನ ಬೆನ್ನು ಇಷ್ಟಿಷ್ಟೇ ವಾಪಸು ಬರುತ್ತಿದೆ ಎನಿಸುತ್ತಿತ್ತು. ಮೊದಲು ಶರ್ಟುಗಳಿಗೆ ಇಸ್ತ್ರಿ ಬಿತ್ತು. ಆಮೇಲೆ ಅವಳೇ ಬಡಿಸತೊಡಗಿದಳು, ಗಂಡನ ತಟ್ಟೆಗೆ ಇನ್ನೊಂದು ಮೊಟ್ಟೆ ಹೆಚ್ಚಾಗಿ ಬಿತ್ತು. ಒಂದು ಸಂಜೆ ಕೋಟು ಮೊಳೆಗೆ ಹೋಯಿತು. ಅದನ್ನು ನೋಡಿ ಅಜ್ಜಿ ಧೈರ್ಯ ತಂದುಕೊಂಡು ಒಳಕೋಣೆಯಿಂದ ಗ್ರೈಂಡರಿನ ಹಾಗೆ ಕಿರುಚಿದಳು. ಎಲ್ಲರೂ ನಕ್ಕರು. ಪುಟ್ಟಿ ಮಾತ್ರ ಕೈ ತೊಳೆಯಲು ಎದ್ದಳು.

"ಮುಗೀತು" ಎಂದ ಒಂದು ದಿನ ಕಿಲುಬಪ್ಪ.

"ತೋರಿಸಿ."

"ಈಗ ಬೇಡ. ಬಣ್ಣ ಹಸಿಯಿದೆ, ಮುಟ್ಟಬಾರದು. ಬಟ್ಟೆ ಸುತ್ತಿಟ್ಟಿದೀನಿ. ಅಲ್ಲೇ ನೋಡುವಿಯಂತೆ."

ಲಾರಿ ಬಂದು ಸುತ್ತಿದ ಗಂಟನ್ನು ಹೊತ್ತುಹೋದಾಗ ಇಸ್ತ್ರಿಯಕ್ಕ ಕೆಲಸದಲ್ಲಿದ್ದಳು. ಲಾಂಡ್ರಿಯಲ್ಲಿ ಗುಂಡಿಯಮ್ಮನನ್ನೂ ಉಳಿದವರನ್ನೂ ಅವಳೇ ಕರೆದಳು: "ನನ್ನ ಮಗಳದ್ದು ಕಣ್ರೇ. ಎಲ್ರೂ ಮೇಲೆ ಬನ್ನಿ. ದಿನಾ ಕೆಳಗೇ ಇದ್ದು ಇದ್ದು ನಮಗೂ ಬೇಸರ."

ಹೊಸ ಹಜಾರದ ನೆಲ ಕಾಲು ಜಾರುವಷ್ಟು ನುಣುಪಾಗಿತ್ತು. ಮಾಲೀಕರು, ಮ್ಯಾನೇಜರು, ಕ್ಯಾಮೆರಾ ನೇತುಹಾಕಿಕೊಂಡ ಫೋಟೋದವನು, ಅವರ ಪಕ್ಕ ಪುಟ್ಟಿ, ಕಿಲುಬಪ್ಪ, ಅಜ್ಜಿ. ಒಂದು ಮೂಲೆಯಲ್ಲಿ ಲಾಂಡ್ರಿಯವರ ಗುಂಪು, ಕೈಗಳನ್ನು ಒರೆಸಿಕೊಳ್ಳುತ್ತ. ಮಾಲೀಕರು ದಾರ ಎಳೆದರು. ಬಟ್ಟೆ ಜಾರಿತು. ಚಪ್ಪಾಳೆ ಬಿತ್ತು. ಮೇಲಿನ ದೀಪದ ಬೆಳಕು ಸಂದುಗಳಲ್ಲಿ ಹಾಯ್ದು ಹಸಿರು ಹೊಳೆಯಿತು.

ದೂರದಿಂದ ಇಸ್ತ್ರಿಯಕ್ಕನಿಗೆ ಹೆಚ್ಚುಕಡಿಮೆ ಏನೂ ಗೊತ್ತಾಗಲಿಲ್ಲ. ಜನ ಹಣ್ಣಿನ ರಸದ ಲೋಟಗಳತ್ತ ಚದುರಿದಾಗ ಹತ್ತಿರ ಹೋದಳು, ಹಿಂದಿನಿಂದ ಸುತ್ತಿ ಬಂದಳು. ಕಣ್ಣನ್ನು ನಂಬದೆ ಕೈ ಇಟ್ಟಳು. ಕೈ ತಾನಾಗಿಯೇ ದಾರಿ ಹಿಡಿದು ಭುಜದಿಂದ ಇಳಿಯಿತು, ಹೆಬ್ಬೆರಳು ಆ ತಗ್ಗಿನೊಳಗೆ ಮುಳುಗಿತು. ಅಷ್ಟೇ ಆಳ. ಅದೇ ಅಂಚು. ಅದೇ ಹಸಿರು.

ತಲೆ ಎತ್ತಿದಾಗ ಕಿಲುಬಪ್ಪ ಎದುರಿಗಿದ್ದ. ಅವನು ಹಜಾರದ ಚಾವಣಿಯನ್ನು ನೋಡತೊಡಗಿದ.

"ಎಷ್ಟು ಚೆನ್ನಾಗಿದೆ ಅಕ್ಕಾ" ಎನ್ನುತ್ತ ಗುಂಡಿಯಮ್ಮ ಬಂದಳು. "ಯಾರೋ ನಮ್ಮ ಹಾಗೆ ಬಗ್ಗಿ ಕೆಲಸ ಮಾಡೋವ್ಳು. ಯಾರಂತೆ?"

ಅದೇ ಪ್ರಶ್ನೆಯನ್ನು ಆ ಕಡೆ ಮಾಲೀಕರು ಮೈಕಿನಲ್ಲಿ ಕೇಳುತ್ತಿದ್ದರು. "ಇಂಥ ಆಕಾರ ನಿಮಗೆ ಹೇಗೆ ಹೊಳೀತು? ಯಾರಾದರೂ ಇದ್ದಾರಾ ಇದರ ಹಿಂದೆ?"

ಪುಟ್ಟಿ ತಾಯಿಯತ್ತ ನೋಡಿದಳು. ಇಸ್ತ್ರಿಯಕ್ಕ ಜನರ ನಡುವಿನಿಂದ ತಲೆ ಅಲ್ಲಾಡಿಸಿದಳು. ಬೇಡ. ಸ್ಪಷ್ಟವಾಗಿ, ಎರಡು 'ಬೇಡ'. ಪುಟ್ಟಿ ಅದನ್ನು ಕಂಡಳು. ಕಂಡದ್ದು ತಾಯಿಗೂ ಗೊತ್ತಾಯಿತು. ಆದರೆ ಮೈಕು ಬಾಯಿಗೆ ಬಂದಿತ್ತು, ಮಾಲೀಕರು ಕಾಯುತ್ತಿದ್ದರು.

"ನನ್ನ ಅಮ್ಮ. ಇಲ್ಲೇ ಇದಾರೆ. ನಿಮ್ಮ ಲಾಂಡ್ರಿಯಲ್ಲೇ ಕೆಲಸ ಮಾಡೋದು."

ಓಹೋ ಎಂದು ಹಜಾರವೆಲ್ಲ ತಿರುಗಿತು. ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಗುಂಡಿಯಮ್ಮನ ಕಣ್ಣು ಪ್ರತಿಮೆಯಿಂದ ಕೋಟಿಗೆ, ಕೋಟಿನಿಂದ ಪ್ರತಿಮೆಗೆ ಹೋಗಿ ಬಂದು ನೆಲಕ್ಕೆ ಇಳಿಯಿತು. ಯಾರೋ ಇಸ್ತ್ರಿಯಕ್ಕನ ತೋಳು ಹಿಡಿದು ಮುಂದೆ ತಂದು ನಿಲ್ಲಿಸಿದರು. ಫೋಟೋದವನು ಒಂದು ಮಂಡಿಯೂರಿದ.

"ಅಮ್ಮಾ, ಆ ಕೋಟು ತೆಗೆದು ಸ್ವಲ್ಪ ಆ ಕಡೆ ತಿರುಗ್ತೀರಾ? ಎರಡೂ ಬೆನ್ನು ಒಟ್ಟಿಗೆ ಬಂದ್ರೆ ಚೆನ್ನಾಗಿರ್ತದೆ."

ಇಸ್ತ್ರಿಯಕ್ಕ ಅವನನ್ನೇ ನೋಡಿದಳು. ಎಲ್ಲರಿಗೂ ಕೇಳುವಂತೆ, ಆದರೆ ದನಿ ಏರಿಸದೆ ಹೇಳಿದಳು:

"ಬೆನ್ನು ಅಲ್ಲೇ ಇದೆಯಲ್ಲಪ್ಪಾ, ಎಷ್ಟು ಬೇಕೋ ತಗೋ. ಅದನ್ನ ತಗೊಳ್ಳುವಾಗ ನನ್ನ ಯಾರೂ ಕೇಳಿಲ್ಲ. ನೀನೊಬ್ಬ ಕೇಳಿದೆ. ನಾನು ಬೇಡ ಅಂದೆ."

ಲಾಂಡ್ರಿಯವರಿಗೆಂದಿದ್ದ ಪಕ್ಕದ ಬಾಗಿಲಿನಿಂದ ಅವಳು ಹೊರಗೆ ಬಂದಳು. ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಕಿಲುಬಪ್ಪ ಏದುಸಿರು ಬಿಡುತ್ತ ಓಡಿಬಂದ. ಹಿಂದೆಯೇ ಅಜ್ಜಿಯ ಕೈ ಹಿಡಿದು ಪುಟ್ಟಿ ಬಂದಳು.

"ಗ್ರೈಂಡರ್ ಹಿಡಿದೆ ಕಣೇ. ಆಣೆಗೂ ಹಿಡಿದೆ. ಕೈ ಬರಲಿಲ್ಲ. ವೆಲ್ಡಿಂಗ್ ಬಿಸಿ ತಾಗಿದ್ರೆ ಸುತ್ತಲ ಬಣ್ಣ ಎಲ್ಲ ಸುಟ್ಟು ಹೋಗ್ತಿತ್ತು. ಅಂಥಾ ಹಸಿರು ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಇನ್ನು ಬರೋದೂ ಇಲ್ಲ."

"ಮತ್ತೆ ಅಷ್ಟು ದಿನದ ಸದ್ದು?"

"ಕೆಳಗಿನ ಪೀಠದ್ದು."

ಇಸ್ತ್ರಿಯಕ್ಕ ತಲೆದೂಗಿದಳು, ಸಾಮಾನಿನ ದರ ಕೇಳಿ ತಿಳಿದುಕೊಂಡವಳ ಹಾಗೆ. ಒಂದು ಹಸಿರಿಗೆ ಅವನು ಅವಳ ಬೆನ್ನನ್ನು ಕೊಟ್ಟಿದ್ದ. ಆ ಹಸಿರು ಬೇರೊಬ್ಬ ಹೆಂಗಸಾಗಿದ್ದರೆ ಜಗಳಕ್ಕಾದರೂ ಒಂದು ಜುಟ್ಟು ಸಿಗುತ್ತಿತ್ತು.

"ಅಮ್ಮಾ, ನಾನು ನಿನ್ನ ಮೇಲಿನ ಹೆಮ್ಮೆಯಿಂದಾನೇ ಹೇಳಿದ್ದು" ಎಂದಳು ಪುಟ್ಟಿ.

"ನಾನು ತಲೆ ಅಲ್ಲಾಡಿಸಿದ್ದು ಕಾಣಿಸಲಿಲ್ವಾ?"

ಪುಟ್ಟಿ ಅಜ್ಜಿಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಆಯ್ತು ಬಾ, ಮನೆಗೆ ಹೋಗೋಣ. ಅಲ್ಲಿ ಬೈಯುವಿಯಂತೆ, ಎಷ್ಟು ಬೇಕಾದ್ರೂ" ಎಂದ ಕಿಲುಬಪ್ಪ, ಅವಳು ಮೊದಲು ಹೆಜ್ಜೆ ಇಡಲೆಂದು ಪಕ್ಕಕ್ಕೆ ಸರಿದು.

ಅವಳು ಇಡಲಿಲ್ಲ.

"ನೀವು ಮುಂದೆ ನಡೀರಿ."

"ಯಾಕೆ?"

"ಮೂವರೂ ಮುಂದೆ ನಡೀರಿ. ನಾನು ಹಿಂದೆ ಬರ್ತೀನಿ. ಇನ್ಮೇಲೆ ಹಾಗೇ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಲುಬಪ್ಪ ಮೊದಲು ಹೊರಟ, ಆಮೇಲೆ ಅಜ್ಜಿಯನ್ನು ಹಿಡಿದುಕೊಂಡು ಪುಟ್ಟಿ. ಇಸ್ತ್ರಿಯಕ್ಕ ನಾಲ್ಕು ಮಾರು ಬಿಟ್ಟು ಹಿಂದೆ ನಡೆದಳು. ಒಂದೆರಡು ಸಲ ಗಂಡ ತಿರುಗಿ ನೋಡಿದ. "ಮುಂದೆ ನೋಡಿ ನಡೀರಿ" ಎಂದಳು.

ಇಷ್ಟು ವರ್ಷದಲ್ಲಿ ಅವರನ್ನೆಲ್ಲ ಹೀಗೆ ಹಿಂದಿನಿಂದ ನೋಡಿದ್ದೇ ಇಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಗಂಡನ ಕುತ್ತಿಗೆಯ ಕೆಳಗೆ ಶರ್ಟಿನ ಪಟ್ಟಿ ಒಂದು ಕಡೆ ಮಡಚಿಕೊಂಡಿತ್ತು. ಅತ್ತೆಯ ಹೆಜ್ಜೆ ಸಣ್ಣದಾಗಿತ್ತು. ನಡುವೆ ಉದ್ದಕ್ಕೆ ಬೆಳೆದ ಮಗಳು, ತೆಳ್ಳಗಿನ ಅಂಗಿ, ಬಿಸಿಲು ನೇರವಾಗಿ ಅವಳ ಬೆನ್ನ ಮೇಲೆ.

ಪುಟ್ಟಿಯ ಎಡ ಭುಜ ಬಲಕ್ಕಿಂತ ಒಂದಿಷ್ಟು ಕೆಳಗಿತ್ತು. ಕೂದಲೆಳೆಯಷ್ಟು. ಹೆಜ್ಜೆ ಹೆಜ್ಜೆಗೂ ಸೊಂಟ ಅದನ್ನು ಸರಿತೂಗಿಸಲು ಬಲಕ್ಕೆ ಹೋಗಿ ಬರುತ್ತಿತ್ತು. ಅಜ್ಜಿಯ ಭಾರ ಹಿಡಿದಿದ್ದಕ್ಕೆ ಇರಬಹುದು ಎಂದುಕೊಂಡಳು ಇಸ್ತ್ರಿಯಕ್ಕ. ತಿರುವಿನಲ್ಲಿ ಅಜ್ಜಿ ಮಗನ ಕೈ ಹಿಡಿದುಕೊಂಡಳು, ಪುಟ್ಟಿ ಒಬ್ಬಳೇ ನಡೆದಳು. ಭುಜ ಹಾಗೆಯೇ ಇತ್ತು.

ಕರೆದು ಹೇಳಬೇಕೆಂದು ಬಾಯಿ ತೆರೆದಳು.

ಮುಚ್ಚಿಕೊಂಡು ನಡೆದಳು.